ಮಕ್ಕಳಿಗೆ ಊರಿನ ಕಟ್ಟಡ ತೋರಿಸಲು ನಿವೃತ್ತರು ಬೇಕಾಗಿದ್ದಾರೆ

ಸಂಪಾದಕರಿಗೆ ನಮಸ್ಕಾರ.

ಎರಡು ವಾರದ ಹಿಂದೆ ನಿಮ್ಮ ಓದುಗರ ಪತ್ರಗಳಲ್ಲಿ ಕುಂದಾಪುರ ಕಡೆಯವರೊಬ್ಬರು ಬರೆದಿದ್ದರು. ರಿಟೈರ್ ಆಗಿ ಎರಡು ವರ್ಷ ಆಯ್ತು, ಬೆಳಿಗ್ಗೆ ವಾಕಿಂಗ್ ಮುಗಿಯುತ್ತದೆ, ಪೇಪರ್ ಓದುವುದೂ ಮುಗಿಯುತ್ತದೆ, ಆಮೇಲೆ ಮಧ್ಯಾಹ್ನದ ಊಟದವರೆಗೆ ಗೋಡೆ ನೋಡುತ್ತಾ ಕೂರುವುದೇ ಆಗಿದೆ ಎಂದು. ಅದನ್ನು ಓದಿ ನನಗೆ ಸುಮ್ನೆ ಇರಲು ಆಗಲಿಲ್ಲ. ಆ ಗೋಡೆಯನ್ನೇ ನಾಲ್ಕು ಮಕ್ಕಳಿಗೆ ತೋರಿಸಿ ಎಂದು ಅವರಿಗೆ ಹೇಳಬೇಕು ಅನಿಸಿತು. ಅವರ ಹಾಗೆಯೇ ಮನೆಯಲ್ಲಿ ಕೂತಿರುವ ಉಡುಪಿ, ಮಂಗಳೂರು ಕಡೆಯ ಎಲ್ಲರಿಗೂ ಹೇಳಬೇಕು ಅನಿಸಿತು. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಗ ಕೊಡಿ.

ನನಗೆ ಈಗ 66 ವರ್ಷ. 34 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದೆ, ಅದರಲ್ಲಿ ಕೊನೆಯ 12 ವರ್ಷ ಸಾಲದ ವಿಭಾಗದಲ್ಲಿ. ಮನೆ ಸಾಲದ ಫೈಲಿಗೆ ಒಂದು ವ್ಯಾಲ್ಯುಯೇಷನ್ ರಿಪೋರ್ಟ್ ಬರುತ್ತದೆ. ಜಾಗಕ್ಕೆ ಒಂದು ಕಾಲಂ, ಕಟ್ಟಡಕ್ಕೆ ಒಂದು ಕಾಲಂ. ಹಳೇ ಹಂಚಿನ ಮನೆಯಾದರೆ ಜಾಗದ ಕಾಲಂನಲ್ಲಿ ಸೆಂಟ್ಸಿಗೆ ಇಷ್ಟು ಅಂತ ದೊಡ್ಡ ಮೊತ್ತ ಇರುತ್ತಿತ್ತು, ಕಟ್ಟಡದ ಕಾಲಂನಲ್ಲಿ ಒಂದು ಅಡ್ಡ ಗೀಟು. ಕಟ್ಟಡ ಹಳತು, ಬೆಲೆ ಇಲ್ಲ, ಅಷ್ಟೇ. ಜಾಗ ನೋಡಲು ಹೋದಾಗ ನಾನೇ ಆ ಮನೆಗಳ ಒಳಗೆ ಹೋಗಿದ್ದೇನೆ. ಹಲಸಿನ ಮರದ ದಪ್ಪ ಬಾಗಿಲು, ಮುಚ್ಚಿಗೆಯ (ಹಂಚಿನ ಕೆಳಗಿನ ಮರದ ಹಲಗೆಯ ಛಾವಣಿ) ಕೆಳಗೆ ಏಪ್ರಿಲ್ ತಿಂಗಳಲ್ಲೂ ತಣ್ಣಗಿರುವ ಕೋಣೆ, ಕಾಲಿಟ್ಟರೆ ನೀರಿನ ಮೇಲೆ ಇಟ್ಟ ಹಾಗೆ ಆಗುವ ರೆಡ್ ಆಕ್ಸೈಡ್ ನೆಲ. ಮನೆಯವರು ಕೊಟ್ಟ ಬೆಲ್ಲ ನೀರು ಕುಡಿದು, ಬ್ಯಾಂಕಿಗೆ ವಾಪಸು ಬಂದು, ಆ ಗೀಟಿನ ಕೆಳಗೆ ಸಹಿ ಹಾಕಿದ್ದೇನೆ. ಒಂದಲ್ಲ, ಎರಡಲ್ಲ. ಈಗ ಬಸ್ಸಿನಲ್ಲಿ ಹೋಗುವಾಗ ಆ ಜಾಗಗಳಲ್ಲಿ ಬಂದ ಅಪಾರ್ಟ್‌ಮೆಂಟುಗಳು ಕಾಣುತ್ತವೆ. ಹೊಸ ಮನೆ ಕಟ್ಟುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಜನರಿಗೆ ಮನೆ ಬೇಕು. ಆದರೆ ಆ ಗೀಟು ಮಾತ್ರ ಸುಳ್ಳು ಎಂದು ನನಗೆ ಆಗಲೂ ಗೊತ್ತಿತ್ತು.

ರಿಟೈರ್ ಆದ ಮರುವರ್ಷ ಮಗಳ ಮನೆಗೆಂದು ಷಿಕಾಗೋಗೆ ಹೋಗಿದ್ದೆ. ಅಲ್ಲಿ ನದಿಯಲ್ಲಿ ಬೋಟಿನ ಮೇಲೆ ಕೂರಿಸಿ ಎರಡೂ ದಡದ ಕಟ್ಟಡಗಳನ್ನು ತೋರಿಸುತ್ತಾರೆ. ಮೈಕ್ ಹಿಡಿಯುವವರು ಯಾರೋ ಕಾಲೇಜು ಹುಡುಗರು ಇರಬಹುದು ಎಂದುಕೊಂಡಿದ್ದೆ, ನೋಡಿದರೆ ಎಪ್ಪತ್ತು ದಾಟಿದ ಹೆಂಗಸು. ತೊಂಬತ್ತು ನಿಮಿಷ ಮಾತಾಡಿದರು, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ರಿಗ್ಲಿ ಬಿಲ್ಡಿಂಗ್ ಎಂಬ ದೊಡ್ಡ ಬಿಳಿ ಕಟ್ಟಡ ಬಂದಾಗ, ಇದು ಯಾವ ಕಲ್ಲು ಹೇಳಿ ನೋಡುವ ಎಂದರು. ಯಾರೋ ಮಾರ್ಬಲ್ ಅಂದರು. ಕಲ್ಲೇ ಅಲ್ಲವಂತೆ. ಸುಟ್ಟ ಮಣ್ಣು, ಮೇಲೆ ಬಿಳಿ ಗ್ಲೇಜ್ ಕೊಟ್ಟದ್ದು. 1871ರಲ್ಲಿ ಆ ಊರಿನ ದೊಡ್ಡ ಭಾಗವೇ ಬೆಂಕಿಗೆ ಹೋಗಿತ್ತು, ಆಮೇಲೆ ಕಟ್ಟಿದ ದೊಡ್ಡ ಕಟ್ಟಡಗಳಲ್ಲಿ ಕಬ್ಬಿಣದ ಕಂಬ ತೊಲೆಗಳಿಗೆ ಬೆಂಕಿ ತಾಗಬಾರದು ಅಂತ ಸುಟ್ಟ ಮಣ್ಣಿನ ಹೊದಿಕೆ ಹಾಕುವ ಕ್ರಮ ಬಂತು ಎಂದು ವಿವರಿಸಿದರು. ನನಗೆ ಆ ಬೋಟಿನಲ್ಲಿ ಕೂತು ನಮ್ಮ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ ನೆನಪಾಯಿತು. ಅವರು ಬೆಂಕಿಗೆ ಹೆದರಿ ಮಣ್ಣು ಸುಟ್ಟರು, ನಾವು ಮಳೆಗೆ ಹೆದರಿ ಸುಟ್ಟೆವು.

ಇಳಿಯುವಾಗ ಅವರನ್ನು ಮಾತಾಡಿಸಿದೆ. ಆರ್ಕಿಟೆಕ್ಟ್ ಅಲ್ಲ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಸಂಬಳ ಇಲ್ಲ. ಎಷ್ಟೋ ವಾರ ಪಾಠ ಕೇಳಿ, ಒಮ್ಮೆ ಪರೀಕ್ಷಕರ ಎದುರು ಪೂರ್ತಿ ಹೇಳಿ ತೋರಿಸಿದ ಮೇಲೆಯೇ ಮೈಕ್ ಕೊಡುತ್ತಾರಂತೆ. ಇದು ಹೇಗೆ ಶುರುವಾಯಿತು ಎಂದು ಕೇಳಿದೆ. 1887ರಲ್ಲಿ ಕಟ್ಟಿದ ಗ್ಲೆಸ್ನರ್ ಹೌಸ್ ಎಂಬ ಮನೆಯನ್ನು ಕೆಡವುತ್ತಾರೆ ಎಂದಾದಾಗ, 1966ರಲ್ಲಿ ಊರಿನ ಕೆಲವರು ಸೇರಿ 35,000 ಡಾಲರ್ ಒಟ್ಟು ಮಾಡಿ ಅದನ್ನು ಕೊಂಡರು. ಮನೆ ಉಳಿಯಿತು, ಈಗ ಅದನ್ನು ತೋರಿಸುವವರು ಯಾರು? 1971ರಲ್ಲಿ ಮೊದಲ ತಂಡಕ್ಕೆ ತರಬೇತಿ ಕೊಟ್ಟರು. ಈಗ ಅಲ್ಲಿ ನೂರಾರು ಜನ ಇದ್ದಾರೆ, ಅವರಲ್ಲಿ ರಿಟೈರ್ ಆದವರು ತುಂಬ ಜನ. ಒಂದು ಮನೆಯಿಂದ ಶುರುವಾದ ಕೆಲಸ ಅಲ್ವಾ? ನಮ್ಮಲ್ಲಿ ಮನೆಗಳಿಗೆ ಕೊರತೆ ಇಲ್ಲ, ರಿಟೈರ್ ಆದವರಿಗಂತೂ ಕೊರತೆಯೇ ಇಲ್ಲ.

ಊರಿಗೆ ಬಂದು ಹತ್ತಿರದ ಒಂದು ಸರ್ಕಾರಿ ಶಾಲೆಗೆ ಹೋಗಿ ಕೇಳಿದೆ. ಶನಿವಾರ ಒಂದೂವರೆ ಗಂಟೆ ಮಕ್ಕಳನ್ನು ಕೊಡಿ, ಅರ್ಧ ಕಿಲೋಮೀಟರಿನೊಳಗೆ ಇರುವ ಕಟ್ಟಡಗಳನ್ನು ತೋರಿಸಿ ವಾಪಸು ತಂದು ಬಿಡುತ್ತೇನೆ ಎಂದು. ಹೆಡ್‌ಮಾಸ್ಟರ್ ಒಪ್ಪಿದರು. ಆರು ಮತ್ತು ಏಳನೇ ಕ್ಲಾಸಿನ 19 ಮಕ್ಕಳು. ನಾನು 14 ಪುಟ ಬರೆದುಕೊಂಡು ಹೋಗಿದ್ದೆ. ಹಿಂದೆ ಇಲ್ಲಿ ಆಳಿದ ಆಳುಪ ರಾಜರಿಂದ ಹಿಡಿದು ಎಲ್ಲ ಇತ್ತು. ಮೂರನೇ ಪುಟಕ್ಕೆ ಬರುವಾಗ ಅರ್ಧ ಮಕ್ಕಳು ರಸ್ತೆ ಬದಿಯ ನಾಯಿಮರಿ ನೋಡುತ್ತಿದ್ದರು. ಅವರ ತಪ್ಪಲ್ಲ. ಇಸವಿ ಕೇಳಲು ಅವರಿಗೆ ಪಾಠದ ಪುಸ್ತಕ ಉಂಟು, ಅದಕ್ಕಾಗಿ ಬಿಸಿಲಿನಲ್ಲಿ ನಿಲ್ಲಬೇಕಾಗಿಲ್ಲ. 

ಮುಂದಿನ ಶನಿವಾರ ನಮ್ಮ ಬೀದಿಯ ಒಬ್ಬರು ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರಿಗೆ 74 ವರ್ಷ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಐವತ್ತು ವರ್ಷ ಗೋಡೆ ಕಟ್ಟಿದವರು. "ಅಕ್ಕ, ನಾನು ಎಂತ ಹೇಳುವುದು, ನನಗೆ ಭಾಷಣ ಬರುವುದಿಲ್ಲ" ಎಂದು ಹಿಂದೆ ಮುಂದೆ ನೋಡಿದರು. ಆದರೆ ಬರುವಾಗ ಮೂರು ಹಳೇ ಹಂಚು, ಒಂದು ಚೊಂಬು ನೀರು ತಂದಿದ್ದರು. ಹಂಚುಗಳನ್ನು ಓರೆಯಾಗಿ ಒಂದಕ್ಕೊಂದು ಸಿಕ್ಕಿಸಿ ಹಿಡಿದು, ಒಬ್ಬ ಹುಡುಗನಿಗೆ ನೀರು ಹೊಯ್ಯಲು ಹೇಳಿದರು. ನೀರು ಹಂಚಿನ ಮೇಲಿನ ಗೆರೆಗಳಲ್ಲಿ ಇಳಿದು ಕೆಳಗೆ ಬಿತ್ತು. "ಕೆಳಗೆ ಕೈ ಹಾಕಿ ನೋಡಿ, ಒದ್ದೆ ಉಂಟಾ?" ಹತ್ತೊಂಬತ್ತು ಕೈಗಳೂ ಒಳಗೆ ಹೋದವು. ಒದ್ದೆ ಇಲ್ಲ. ಆಮೇಲೆ ಹಂಚುಗಳನ್ನು ನೆಲದಲ್ಲಿ ಮಟ್ಟಸವಾಗಿ ಇಟ್ಟು ಮತ್ತೆ ನೀರು ಹೊಯ್ಯಿಸಿದರು. ಈ ಸಲ ನೀರು ನಿಂತಿತು, ಸಂದಿಯಲ್ಲಿ ಕೆಳಗೆ ಇಳಿಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿನಲ್ಲಿ ಮನೆಯ ಮಾಡು (ಛಾವಣಿ) ಯಾಕೆ ಅಷ್ಟು ಇಳಿಜಾರು ಎಂದು ಆ ಮಕ್ಕಳಿಗೆ ಇನ್ನು ಯಾರೂ ಹೇಳಬೇಕಾಗಿಲ್ಲ. ನನ್ನ 14 ಪುಟದಲ್ಲಿ ಆಗದ್ದು ಒಂದು ಚೊಂಬು ನೀರಿನಲ್ಲಿ ಆಯ್ತು.

ಹಂಚಿನ ಅಡಿಭಾಗ ತಿರುಗಿಸಿ ಮೇಸ್ತ್ರಿಗಳು ಇನ್ನೊಂದು ವಿಷಯ ತೋರಿಸಿದರು. ಮಾಡಿನ ರೀಪಿಗೆ, ಅಂದರೆ ಮರದ ಅಡ್ಡ ಪಟ್ಟಿಗೆ, ಸಿಕ್ಕಿಕೊಳ್ಳಲು ಇರುವ ಚಿಕ್ಕ ಗಂಟು, ಮತ್ತೆ ಇಂಗ್ಲಿಷಿನಲ್ಲಿ ಒತ್ತಿದ ಅಕ್ಷರಗಳು. ಒಬ್ಬಳು ಹುಡುಗಿ ಮಣ್ಣು ಒರೆಸಿ ಒಂದೊಂದೇ ಅಕ್ಷರ ಓದಿದಳು. ಬಾಸೆಲ್ ಮಿಷನ್. "ಬಾಸೆಲ್ ಅಂದ್ರೆ ಯಾವ ಊರು ಅಜ್ಜಿ?" ನಾನು ಜರ್ಮನಿ ಎಂದುಬಿಟ್ಟೆ. ನಮ್ಮ ಕಡೆ ಎಲ್ಲರೂ ಜರ್ಮನ್ ಮಿಷನ್ ಅನ್ನುತ್ತಾರಲ್ಲ. ಮನೆಗೆ ಬಂದು ನೋಡಿದರೆ ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಮಿಷನ್ನಿನಲ್ಲಿ, ಅಂದರೆ ಆ ಕ್ರೈಸ್ತ ಪಾದ್ರಿಗಳ ಸಂಘದಲ್ಲಿ, ಜರ್ಮನ್ನರು ತುಂಬ ಜನ ಇದ್ದರು, ಆದರೆ ಊರು ಸ್ವಿಟ್ಜರ್ಲೆಂಡಿನದ್ದು. ಮುಂದಿನ ವಾರ ಹೋಗಿ ಆ ಹುಡುಗಿಯ ಎದುರು ತಿದ್ದಿ ಹೇಳಿದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ತಪ್ಪು ಹೇಳಿದರೆ ವಾಪಸು ಹೋಗಿ ತಿದ್ದುವುದು, ಈ ಕೆಲಸಕ್ಕೆ ಬರುವವರು ಮೊದಲು ಕಲಿಯಬೇಕಾದ್ದು ಇದು ಎಂದು ನನಗನಿಸುತ್ತದೆ.

ಆ ಒಂದು ಹಂಚಿನಿಂದ ಎಲ್ಲೆಲ್ಲಿಗೆ ಹೋಗಬಹುದು ನೋಡಿ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್‌ನವರು 1865ರಲ್ಲಿ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. ನದಿ ದಡದ ಜೇಡಿಮಣ್ಣು, ಸುಡಲು ಮಲೆನಾಡಿನ ಕಡೆಯಿಂದ ನೀರಿನಲ್ಲಿ ತರಬಹುದಾದ ಸೌದೆ, ಮಾಲು ಕಳಿಸಲು ಬಂದರು, ಮೂರೂ ಒಂದೇ ಕಡೆ. ನಮ್ಮ ಹಂಚು ಹಡಗು ಹತ್ತಿ ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಾಕ್ಕೆ, ಆಸ್ಟ್ರೇಲಿಯಾಕ್ಕೆ ಹೋಯಿತು. ಅದಕ್ಕೂ ಮೊದಲು ಇಲ್ಲಿ ಹೆಚ್ಚಿನವರದ್ದು ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸತಾಗಿ ಹೊದಿಸಬೇಕು, ಒಂದು ಕಿಡಿ ಬಿದ್ದರೆ ಮುಗಿಯಿತು. ಅದೇ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಎಂಬ ಮೊದಲ ಕನ್ನಡ ಪತ್ರಿಕೆ ತಂದರು. ಹಾಗಾಗಿ ನಿಮ್ಮ ಪತ್ರಿಕೆಗೂ ನಮ್ಮ ಮನೆಯ ಮಾಡಿಗೂ ಒಂದು ನೆಂಟಸ್ತಿಕೆ ಉಂಟು. ಇದನ್ನು ಹೇಳಿದಾಗ ಮಕ್ಕಳ ಮುಖ ನೋಡಬೇಕಿತ್ತು ನೀವು.

ಇನ್ನು ಮುರಕಲ್ಲು. ಕೆಂಪುಕಲ್ಲು ಎಂದು ಹೇಳಿ ದಿನಾ ಪಕ್ಕದಲ್ಲೇ ಹೋಗುತ್ತೇವೆ. ನೆಲದಡಿಯಿಂದ ಕಡಿಯುವಾಗ ಅದು ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1807ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಬ್ರಿಟಿಷ್ ವೈದ್ಯರು ಮಲಬಾರಿನಲ್ಲಿ ಕಂಡ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ. ಇಟ್ಟಿಗೆಯ ಹಾಗೆ ಕಡಿದು ಕಟ್ಟಬಹುದಲ್ಲ, ಅದಕ್ಕೆ. ಆದರೆ ಅದರಲ್ಲಿ ತೂತುಗಳು ಜಾಸ್ತಿ, ನೀರು ಕುಡಿಯುತ್ತದೆ. ಅದಕ್ಕೇ ಹಳೇ ಮನೆಗಳ ಮಾಡು ಗೋಡೆಯಿಂದ ಅಷ್ಟು ಮುಂದಕ್ಕೆ ಚಾಚಿರುವುದು. ಮೇಸ್ತ್ರಿಗಳು ಮಕ್ಕಳಿಗೆ ಹೇಳುವ ರೀತಿ ಬೇರೆ: "ಗೋಡೆಗೆ ಕೊಡೆ ಬೇಡವಾ? ಈಗಿನ ಮನೆಗಳಿಗೆ ಕೊಡೆಯೇ ಇಲ್ಲ, ಅದಕ್ಕೆ ಎರಡು ಮಳೆಗೆ ಕಪ್ಪಾಗುವುದು." ಆ ದಿನದ ನಂತರ ಮಕ್ಕಳು ದಾರಿಯಲ್ಲಿ ಕಂಡ ಪ್ರತಿ ಮನೆಗೂ ಕೊಡೆ ಉಂಟಾ ಇಲ್ಲವಾ ಎಂದು ನೋಡಲು ಶುರು ಮಾಡಿದರು. ಒಂದು ಮಗು ಮನೆಗೆ ಹೋಗಿ ಅಪ್ಪನ ಹತ್ತಿರ, ನಮ್ಮ ಗೋಡೆಗೂ ಕೊಡೆ ಹಾಕಿಸಿ ಎಂದು ಹಟ ಹಿಡಿದಿತ್ತಂತೆ. 

ಇವೆಲ್ಲ ಆರ್ಕಿಟೆಕ್ಚರ್ ಪಾಠವೇ. ವಾಸ್ತು ಎಂದ ಕೂಡಲೇ ನಮ್ಮ ಜನರಿಗೆ ದಿಕ್ಕು, ದೋಷ, ಬಾಗಿಲು ಬದಲಾಯಿಸುವುದು ಇಷ್ಟೇ ನೆನಪಾಗುತ್ತದೆ, ಅದಕ್ಕೆ ನಾನು ಆ ಶಬ್ದ ಬಳಸುವುದಿಲ್ಲ. ಯಾರು ಕಟ್ಟಿದರು, ಯಾವುದರಿಂದ ಕಟ್ಟಿದರು, ಯಾಕೆ ಹೀಗೆ ಕಟ್ಟಿದರು, ಯಾರಿಗಾಗಿ ಕಟ್ಟಿದರು, ಈ ನಾಲ್ಕು ಪ್ರಶ್ನೆ ಕೇಳಲು ಮಕ್ಕಳಿಗೆ ಹೇಳಿಕೊಡುತ್ತೇನೆ.

ನಾಲ್ಕನೇ ಪ್ರಶ್ನೆಯ ಬಗ್ಗೆ ಒಂದು ಘಟನೆ ಹೇಳಲೇಬೇಕು. ಪರಿಚಯದ ಒಬ್ಬರ ಹಳೇ ಚೌಕಿ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಒಳ ಅಂಗಳದಲ್ಲಿ ನಿಂತು ಮೇಲೆ ನೋಡಿದರೆ ಚೌಕಾಕಾರದ ಆಕಾಶ. ಬೆಳಕು ಅಲ್ಲಿಂದ, ಗಾಳಿ ಅಲ್ಲಿಂದ, ಮಳೆ ನೀರು ಬಂದು ಬೀಳುವುದೂ ಅಲ್ಲೇ. ಮಕ್ಕಳು ಕುಣಿದಾಡಿದರು. ಚಾವಡಿಯ ಕೆತ್ತನೆಯ ಕಂಬ ತೋರಿಸಿ, ಇಲ್ಲಿ ಯಜಮಾನರು ಕೂರುತ್ತಿದ್ದರು, ಪಂಚಾಯಿತಿ ಮಾತೆಲ್ಲ ಇಲ್ಲೇ ಆಗುತ್ತಿತ್ತು ಎಂದು ನಾನು ಹೇಳುತ್ತಿದ್ದೆ. ಹಿಂದೆ ನಿಂತಿದ್ದ ಒಬ್ಬ ಹುಡುಗ ಕೇಳಿದ, "ನನ್ನ ಅಜ್ಜ ಇಂಥ ಮನೆಯಲ್ಲಿ ಕೆಲಸಕ್ಕೆ ಇದ್ದರಂತೆ. ಅವರು ಎಲ್ಲಿ ಕೂರುತ್ತಿದ್ದರು?"

ಯಾರೂ ಮಾತಾಡಲಿಲ್ಲ. ಮನೆಯ ಯಜಮಾನರೂ ಅಲ್ಲೇ ಇದ್ದರು. ನಾನು ಒಂದು ನಿಮಿಷ ಯೋಚಿಸಿದೆ. ಮಾತು ಬೇರೆ ಕಡೆ ತಿರುಗಿಸಬಹುದಿತ್ತು. ಆದರೆ ಆ ಹುಡುಗ ಸರಿಯಾದ ಪ್ರಶ್ನೆ ಕೇಳಿದ್ದ. ಹೊರಗಿನ ಅಂಗಳಕ್ಕೆ ಎಲ್ಲರನ್ನೂ ಕರೆದುಕೊಂಡು ಬಂದೆ. ಇಲ್ಲಿ ನಿಲ್ಲುತ್ತಿದ್ದರು ಮಗಾ ಎಂದೆ. ಇಲ್ಲಿ ಭತ್ತ ಬಡಿಯುತ್ತಿದ್ದರು, ಇಲ್ಲೇ ಊಟ ಹಾಕಿಸಿಕೊಳ್ಳುತ್ತಿದ್ದರು, ಆ ಮೆಟ್ಟಿಲು ಹತ್ತಲು ಅವರಿಗೆ ಬಿಡುತ್ತಿರಲಿಲ್ಲ. ಅದು ತಪ್ಪಾಗಿತ್ತು. ನಿನ್ನ ಅಜ್ಜ ಬೆಳೆದ ಭತ್ತ ಇಲ್ಲದಿದ್ದರೆ ಈ ಮನೆಯೇ ಏಳುತ್ತಿರಲಿಲ್ಲ. ಯಜಮಾನರು ಏನು ಹೇಳುತ್ತಾರೋ ಎಂದು ನನಗೆ ಹೆದರಿಕೆ ಇತ್ತು. ಅವರು ಆ ಹುಡುಗನ ಕೈ ಹಿಡಿದು ಚಾವಡಿಗೆ ಕರೆದುಕೊಂಡು ಹೋಗಿ ಕೂರಿಸಿದರು, ಎಲ್ಲ ಮಕ್ಕಳಿಗೂ ಅಲ್ಲೇ ಬೆಲ್ಲ ನೀರು ಕೊಟ್ಟರು. ಬರೆಯುವಾಗ ಈಗಲೂ ಕಣ್ಣು ತುಂಬುತ್ತದೆ.

ಹಳೇ ಮನೆಗಳ ಮೇಲೆ ಪ್ರೀತಿ ಇರುವವರು ಈ ಭಾಗವನ್ನು ಬಿಟ್ಟು ಹೇಳಬಾರದು. ನಮ್ಮ ಉಡುಪಿಯ ರಥಬೀದಿಯಲ್ಲಿ, ಕೃಷ್ಣ ಮಠದಲ್ಲಿ, ಕನಕನ ಕಿಂಡಿ ಉಂಟು. ಒಳಗೆ ಬಿಡದ ಕನಕದಾಸರಿಗಾಗಿ ಕೃಷ್ಣ ಪಶ್ಚಿಮಕ್ಕೆ ತಿರುಗಿದ ಎಂಬ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಈಗ ನಾನು ಅಲ್ಲಿ ನಿಂತು, ಕಿಟಕಿ ಅಂದರೆ ಬೆಳಕಿಗೆ ಮಾತ್ರವಾ, ಬಾಗಿಲು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಹೊರಗೆ ನಿಲ್ಲಿಸುತ್ತದೆ ಎಂದು ಕೇಳುತ್ತೇನೆ. ಮಕ್ಕಳು ಎಷ್ಟು ಒಳ್ಳೆಯ ಉತ್ತರ ಕೊಡುತ್ತಾರೆ ಎಂದರೆ ದೊಡ್ಡವರು ಕೇಳಬೇಕು. ಅಲ್ಲೇ ಹಿಂದೆ ಮಧ್ವ ಸರೋವರದ ಹತ್ತಿರ ಪರ್ಯಾಯಕ್ಕೆ (ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಸರದಿ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು) ಮುಂಚೆ ಕಟ್ಟುವ ಕಟ್ಟಿಗೆ ರಥ ಇರುತ್ತದೆ. ಬರೀ ಸೌದೆಯ ಮೇಲೆ ಸೌದೆ ಪೇರಿಸಿ ರಥದ ಆಕಾರಕ್ಕೆ ತಂದದ್ದು. ಅದು ಯಾಕೆ ಕುಸಿಯುವುದಿಲ್ಲ ಎಂದು ಮಕ್ಕಳಿಗೆ ಐಸ್‌ಕ್ರೀಂ ಕಡ್ಡಿ ಕೊಟ್ಟು ಕಟ್ಟಿಸಿದೆವು. ಬುಡ ಅಗಲ ಮಾಡದವರದ್ದು ಎಲ್ಲ ಬಿತ್ತು.

ಸ್ವಲ್ಪ ದೂರ ಹೋಗಲು ಸಾಧ್ಯವಾದರೆ ಕೇಳುವುದೇ ಬೇಡ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಕಂಬಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಎನ್ನುತ್ತಾರೆ, ಒಂದೇ ಥರದ ಎರಡು ಕಂಬ ಹುಡುಕಿ ಎಂದು ಮಕ್ಕಳನ್ನು ಬಿಟ್ಟರೆ ಅರ್ಧ ಗಂಟೆ ಯಾರೂ ಕೂಗುವುದಿಲ್ಲ, ಓಡುವುದಿಲ್ಲ, ಬರೀ ನೋಡುತ್ತಾರೆ. ಕಾರ್ಕಳದ ಚತುರ್ಮುಖ ಬಸದಿ 1586ರದ್ದು, ನಾಲ್ಕು ದಿಕ್ಕಿನಿಂದಲೂ ಬಾಗಿಲು, ಯಾವ ಕಡೆಯಿಂದ ಬಂದರೂ ಎದುರು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಊರುಗಳಲ್ಲಿ ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ಅವರೂ ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಎಂದು ನೆನೆದಾಗೆಲ್ಲ ನನಗೆ ಧೈರ್ಯ ಬರುತ್ತದೆ. ಮಂಗಳೂರಿನವರಿಗಂತೂ ಬಂದರಿನ ಜೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ, ಬೋಳೂರಿನ ಸುಲ್ತಾನ್ ಬತ್ತೇರಿ ಎಂಬ ಕಾವಲು ಗೋಪುರ, ಬಿಜೈಯ ಹಡಗಿನ ಆಕಾರದ ಮ್ಯೂಸಿಯಂ, ಎಲ್ಲ ಒಂದೇ ಊರಲ್ಲಿ. ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೊನಿಯೊ ಮೊಸ್ಕೇನಿ ಎಂಬ ಇಟಲಿಯ ಬ್ರದರ್ 1899ರಿಂದ 1901ರವರೆಗೆ ಗೋಡೆ, ಮಾಡು ಎಲ್ಲ ಚಿತ್ರ ಬರೆದರು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವ ಮೊದಲು ಆ ದಿನದ ಭಾಗ ಮುಗಿಸಬೇಕು. ಇದನ್ನು ನಮ್ಮ ಮೇಸ್ತ್ರಿಗಳಿಗೆ ಹೇಳಿದಾಗ ಅವರು ತುಂಬ ಹೊತ್ತು ತಲೆ ಎತ್ತಿ ನೋಡುತ್ತಾ ನಿಂತು, "ಹಾಗಾದರೆ ಇವರಿಗೆ ಗಾರೆ ಕಲಸಿ ಕೊಟ್ಟವರು ನಮ್ಮವರೇ ಇರಬೇಕು ಅಕ್ಕ" ಎಂದರು. ಆ ಮಾತು ನನಗೆ ಹೊಳೆದಿರಲೇ ಇಲ್ಲ.

ಅದಕ್ಕೇ ಹೇಳುವುದು, ಈ ಕೆಲಸಕ್ಕೆ ಡಿಗ್ರಿ ಬೇಡ. ಟೀಚರ್ ಆಗಿದ್ದವರು, ಪಿಡಬ್ಲ್ಯುಡಿಯಲ್ಲಿ ಇದ್ದ ಎಂಜಿನಿಯರುಗಳು ಬಂದರೆ ತುಂಬ ಸಂತೋಷ. ಆದರೆ ಮಾಡಿಗೆ ಪಕ್ಕಾಸು (ಓರೆ ತೊಲೆ), ರೀಪು ಕೂರಿಸಿದ ಆಚಾರಿಗಳು, ಕೋರೆಯಲ್ಲಿ ಕಲ್ಲು ಕಡಿದವರು, ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊತ್ತ ಹೆಂಗಸರು, ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡಿದವರು, ಇವರೆಲ್ಲ ಎಲ್ಲಿದ್ದಾರೆ? ಇವರಿಗೂ ಎಪ್ಪತ್ತು, ಎಂಬತ್ತು ಆಯ್ತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಅವರ ತಲೆಯಲ್ಲಿ ಇರುವುದನ್ನು ಯಾರೂ ಬರೆದಿಟ್ಟಿಲ್ಲ. ಒಬ್ಬ ಬ್ಯಾಂಕಿನವಳು, ಒಬ್ಬ ಮೇಸ್ತ್ರಿ, ಹೀಗೆ ಇಬ್ಬಿಬ್ಬರು ಜೋಡಿಯಾಗಿ ಹೋದರೆ ಎಲ್ಲಕ್ಕಿಂತ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ಅನುಭವ. ನಾನು ಇಸವಿ ನೆನಪಿಡುತ್ತೇನೆ, ಅವರು ಕೈಯಲ್ಲಿ ಮಾಡಿ ತೋರಿಸುತ್ತಾರೆ.

ವಯಸ್ಸಾದ ಮೇಲೆ ಹೊಸತು ಕಲಿಯುವುದು ಕಷ್ಟವಾ ಎಂದು ಕೇಳುತ್ತಾರೆ. ಕಷ್ಟವೇ. ಹೆಸರು ಮರೆಯುತ್ತದೆ. ನಾನು ಚಿಕ್ಕ ಪುಸ್ತಕದಲ್ಲಿ ಒಂದು ಕಟ್ಟಡಕ್ಕೆ ಒಂದು ಪುಟ ಇಟ್ಟಿದ್ದೇನೆ, ಹಿಂದಿನ ರಾತ್ರಿ ಮೂರು ಸಲ ಓದುತ್ತೇನೆ. ಮೊಣಕಾಲು ನೋವು ಇರುವುದರಿಂದ ಮೆಟ್ಟಿಲು ಹತ್ತುವ ಕಡೆ ಮಣಿಪಾಲದಲ್ಲಿ ಆರ್ಕಿಟೆಕ್ಚರ್ ಓದುವ ಇಬ್ಬರು ಹುಡುಗಿಯರು ಮಕ್ಕಳ ಜತೆ ಹೋಗುತ್ತಾರೆ, ನಾನು ಕೆಳಗೆ ಕಲ್ಲುಬೆಂಚಿನಲ್ಲಿ ಕೂತು ಉಳಿದವರಿಗೆ ಹೇಳುತ್ತೇನೆ. ಮಳೆಗಾಲದ ಮೂರು ತಿಂಗಳು ಹೊರಗೆ ಹೋಗುವುದು ಕಡಿಮೆ, ಆಗ ಶಾಲೆಯ ಜಗಲಿಯಲ್ಲೇ ನಿಂತು ಮಾಡಿನಿಂದ ನೀರು ಎಲ್ಲಿ ಬೀಳುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ನೋಡಿಸುತ್ತೇವೆ. ಒಂದು ತಂಡದಲ್ಲಿ 20ಕ್ಕಿಂತ ಜಾಸ್ತಿ ಮಕ್ಕಳು ಬೇಡ, ಒಂದೂವರೆ ಗಂಟೆಗಿಂತ ಜಾಸ್ತಿ ಬೇಡ. ಕುಡಿಯುವ ನೀರು, ಶೌಚಾಲಯ ಎಲ್ಲಿದೆ ಎಂದು ಮೊದಲೇ ನೋಡಿಡಬೇಕು. ಶಾಲೆಯ ಒಬ್ಬರು ಟೀಚರ್ ಜತೆಗೆ ಇರಲೇಬೇಕು.

ಎಲ್ಲ ಕಡೆ ಒಪ್ಪಿಗೆ ಸಿಗಲಿಲ್ಲ. ಒಂದು ಶಾಲೆಯಲ್ಲಿ, ಸಿಲೆಬಸ್ ಮುಗಿದಿಲ್ಲ, ಇದರಿಂದ ಎಂತ ಪ್ರಯೋಜನ ಎಂದು ವಾಪಸು ಕಳಿಸಿದರು. ಅದೇ ಶಾಲೆ ಡಿಸೆಂಬರಿನಲ್ಲಿ ಮಕ್ಕಳನ್ನು ಎರಡು ರಾತ್ರಿ ಬಸ್ಸಿನಲ್ಲಿ ಕೂರಿಸಿ ಮೈಸೂರಿಗೆ ಕರೆದುಕೊಂಡು ಹೋಯಿತು. ಹೋಗಲಿ, ಅರಮನೆ ನೋಡಲಿ. ಆದರೆ ತಮ್ಮ ಶಾಲೆಯ ಎದುರಿನ ಬಸದಿಯ ಒಳಗೆ ಒಮ್ಮೆಯೂ ಹೋಗದ ಮಕ್ಕಳು ಅವರು. ಇನ್ನೊಂದು ನೋವು ಹೇಳುತ್ತೇನೆ. ನಾವು ಎರಡು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದ ಒಂದು ಚಿಕ್ಕ ದೇವಸ್ಥಾನದಲ್ಲಿ ಮರದ ಮುಚ್ಚಿಗೆಯಲ್ಲಿ ಚಂದದ ಕೆತ್ತನೆ ಇತ್ತು. ಮೂರನೇ ಸಲ ಹೋದಾಗ ಜೀರ್ಣೋದ್ಧಾರ ಆಗುತ್ತಿತ್ತು. ಮುಚ್ಚಿಗೆ ಬಿಚ್ಚಿ ಹೊರಗೆ ರಾಶಿ ಹಾಕಿದ್ದರು, ಒಳಗೆ ಕಾಂಕ್ರೀಟ್ ಸ್ಲ್ಯಾಬ್. ಕಮಿಟಿಯವರು ಕೆಟ್ಟವರಲ್ಲ, ಭಕ್ತಿಯಿಂದಲೇ ಮಾಡಿಸಿದ್ದು, ಲಕ್ಷಗಟ್ಟಲೆ ಹಣ ಒಟ್ಟು ಮಾಡಿದ್ದರು. ಆ ಮರದ ಬೆಲೆ ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಚಿಕ್ಕವರಿದ್ದಾಗ ಅವರನ್ನು ಯಾರಾದರೂ ಆ ಮುಚ್ಚಿಗೆಯ ಕೆಳಗೆ ನಿಲ್ಲಿಸಿ ಹತ್ತು ನಿಮಿಷ ತೋರಿಸಿದ್ದರೆ ಹಾಗಾಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ನಮ್ಮ ಜತೆ ಬಂದಿದ್ದ ಮಕ್ಕಳು ಆ ರಾಶಿಯಲ್ಲಿ ಹೂವಿನ ಕೆತ್ತನೆಯ ತುಂಡು ಹುಡುಕಿ, ಇದು ನಾವು ಚಿತ್ರ ಬಿಡಿಸಿದ್ದು ಎಂದು ಕಮಿಟಿಯವರಿಗೆ ತೋರಿಸಿದರು. ಆ ಒಂದು ತುಂಡನ್ನು ಈಗ ಆಫೀಸಿನ ಗೋಡೆಗೆ ಹಾಕಿದ್ದಾರೆ.

ಎರಡೂ ಜಿಲ್ಲೆಯ ಶಿಕ್ಷಣ ಇಲಾಖೆಯವರಲ್ಲಿ ನನ್ನ ಕೋರಿಕೆ ಚಿಕ್ಕದು. ದುಡ್ಡು ಬೇಡ. ವರ್ಷಕ್ಕೆ ಎರಡು ಶನಿವಾರ, ನಡೆದು ಹೋಗುವಷ್ಟು ದೂರದಲ್ಲಿ ಇರುವ ಕಟ್ಟಡಗಳನ್ನು ಮಕ್ಕಳಿಗೆ ತೋರಿಸಲು ಊರಿನ ಹಿರಿಯರಿಗೆ ಅವಕಾಶ ಕೊಡಿ ಎಂದು ಶಾಲೆಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಸಾಕು. ಹಳೇ ಮನೆ ಇರುವವರು ವರ್ಷಕ್ಕೆ ಒಂದು ಗಂಟೆ ಚಾವಡಿ ಬಿಟ್ಟುಕೊಡಿ. ಮಕ್ಕಳು ಏನೂ ಮುರಿಯುವುದಿಲ್ಲ, ಇಷ್ಟು ವರ್ಷದಲ್ಲಿ ನಮಗೆ ಒಂದು ದೂರೂ ಬಂದಿಲ್ಲ. ಸಂಪಾದಕರೇ, ನಿಮ್ಮ ಪತ್ರಿಕೆಯಲ್ಲಿ ಮಕ್ಕಳ ಪುಟ ಬರುತ್ತದಲ್ಲ, ಅದರಲ್ಲಿ ವಾರಕ್ಕೊಂದು ಹಳೇ ಕಟ್ಟಡದ ಚಿಕ್ಕ ಫೋಟೋ ಹಾಕಿ, ಇದು ಎಲ್ಲಿದೆ ಹುಡುಕಿ ಎಂದು ಕೇಳಬಹುದಾ? 

ಕುಂದಾಪುರದ ಆ ಓದುಗರಿಗೆ ಒಂದು ಮಾತು. ನಿಮ್ಮ ಹತ್ತಿರದ ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಯಾವಾಗ ಎಂದು ಕೇಳಿಕೊಂಡು ಹೋಗಿ. ಹೋಗುವಾಗ ಒಂದು ಹಂಚು ತೆಗೆದುಕೊಂಡು ಹೋಗಿ, ಮಾತು ಶುರು ಮಾಡಲು ಸುಲಭವಾಗುತ್ತದೆ. ಮುಂದಿನ ತಿಂಗಳು ನಾವು ಬಾರ್ಕೂರಿಗೆ ಹೋಗುವವರಿದ್ದೇವೆ, ಕತ್ತಲೆ ಬಸದಿ ನೋಡಲು, 38 ಮಕ್ಕಳು, ಎರಡು ತಂಡ. ಬಾರ್ಕೂರು ನಿಮಗೆ ದೂರ ಅಲ್ಲ. ಒಂದು ತಂಡಕ್ಕೆ ನಾನು, ಮೇಸ್ತ್ರಿಗಳು ಇದ್ದೇವೆ. ಇನ್ನೊಂದು ತಂಡಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಕಲ್ಲಿನ ಕೆಲಸ ಗೊತ್ತಿರುವ ಹಿರಿಯರು ಯಾರಾದರೂ ನಿಮ್ಮ ಪರಿಚಯದಲ್ಲಿದ್ದರೆ ಅವರನ್ನೂ ಜತೆಗೆ ಕರೆತನ್ನಿ. ನನ್ನ ವಿಳಾಸ ಪತ್ರಿಕೆಯವರ ಹತ್ತಿರ ಇದೆ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ